ಮಕ್ಕಳು ಬರಲಿಲ್ವಾ?

ಮದುವೆಯಾಗಿ 16 ವರ್ಷ ತುಂಬಿದ ದಿನ ಇವರು ಆಫೀಸಿನಿಂದ ಬಂದು ಶೂ ಬಿಚ್ಚುತ್ತಾ, "ಈ ಸಲ ನಾವಿಬ್ಬರೇ ಎಲ್ಲಾದರೂ ಹೋಗಿಬರೋಣ" ಅಂದರು. ನಾನು ಒಳಗೆ ಕುಕ್ಕರ್ ವಿಜಲ್ ಎಣಿಸುತ್ತಿದ್ದೆ. ಲೆಕ್ಕ ತಪ್ಪಿತು. ಅವತ್ತಿನ ಬೇಳೆ ಪಾಯಸದ ಹದಕ್ಕೆ ಬೆಂದಿತ್ತು.

"ನಾವಿಬ್ಬರೇ" ಅನ್ನೋ ಮಾತು ನಮ್ಮ ಮನೆಯಲ್ಲಿ ಕೇಳಿ ತುಂಬಾ ದಿನವಾಗಿತ್ತು. ಕೊನೇ ಸಲ ನಾವಿಬ್ಬರೇ ಹೋಗಿದ್ದು ಬ್ಯಾಂಕಿಗೆ, ಜಂಟಿ ಖಾತೆಗೆ ಸಹಿ ಹಾಕೋಕೆ. ಅತ್ತೆ ದೊಡ್ಡ ಮನಸ್ಸು ಮಾಡಿ ಮಕ್ಕಳನ್ನು ನೋಡಿಕೊಳ್ಳುತ್ತೇನೆ ಅಂದರು. ಮಗನಿಗೆ 13, ಮಗಳಿಗೆ 9. ನಾವು ಹೊರಡುವಾಗ ಇಬ್ಬರೂ ಅಳಲಿಲ್ಲ. ಅಳಬೇಕಿತ್ತು ಅಂತಲ್ಲ, ಸುಮ್ನೆ ಹೇಳಿದೆ.

ಇವರು ಮೊಬೈಲಿನಲ್ಲಿ ಹುಡುಕಿ ಒಂದು ಪಟ್ಟಿ ಮಾಡಿದ್ದರು. ಮರವಂತೆ, ಸೇಂಟ್ ಮೇರೀಸ್ ದ್ವೀಪ, ಕಾಪು ದೀಪಸ್ತಂಭ. ಮೂರೂ ಜೋಡಿಗಳಿಗೆ ಹೇಳಿ ಮಾಡಿಸಿದ ಜಾಗಗಳಂತೆ. ಉಳಿದುಕೊಳ್ಳೋಕೆ ತ್ರಾಸಿ ಹತ್ತಿರ, ತೆಂಗಿನ ತೋಟದೊಳಗೆ ಒಂದು ಹೋಮ್‌ಸ್ಟೇ. "ತ್ರಾಸಿ ಅಂತ ಹೆಸರಿದೆ, ತ್ರಾಸ ಆಗಲ್ಲ ಅಲ್ವಾ?" ಅಂತ ನಾನು ಕೇಳಿದೆ. ಇವರು ನಗಲಿಲ್ಲ. ಆಗಲೇ ಟಿಕೆಟ್ ಬುಕ್ ಆಗಿತ್ತು.

ಪಂಚಗಂಗಾ ಎಕ್ಸ್‌ಪ್ರೆಸ್‌ನಲ್ಲಿ ಇವರಿಗೆ ಎಸ್ 4ರಲ್ಲಿ ಮೇಲಿನ ಬರ್ತ್ ಸಿಕ್ಕಿತ್ತು. ನನಗೆ ಎಸ್ 7ರಲ್ಲಿ ಸೈಡ್ ಲೋವರ್. ರೊಮ್ಯಾಂಟಿಕ್ ಪ್ರವಾಸದ ಮೊದಲ ರಾತ್ರಿ ನಮ್ಮಿಬ್ಬರ ನಡುವೆ ಎರಡು ಬೋಗಿ, ಸಾಲುಸಾಲು ಟಾಯ್ಲೆಟ್ ಇದ್ದವು. ಎದುರಿನ ಸೀಟಿನಲ್ಲಿದ್ದ ಹೆಂಗಸು ಒಗ್ಗರಣೆ ಅವಲಕ್ಕಿ ಡಬ್ಬಿ ಬಿಚ್ಚಿ, ನನಗೂ ಒಂದಿಷ್ಟು ಕೊಟ್ಟು, "ಮಕ್ಕಳು ಬರಲಿಲ್ವಾ?" ಅಂತ ಕೇಳಿದರು.

ಬಿಟ್ಟು ಬಂದೆವು ಅನ್ನೋಕೆ ನಾಲಿಗೆ ಏಳಲಿಲ್ಲ. "ಪರೀಕ್ಷೆ ಇದೆ" ಅಂದೆ. ಪರೀಕ್ಷೆ ಇರೋ ಮಕ್ಕಳನ್ನು ಬಿಟ್ಟು ಸಮುದ್ರ ನೋಡೋಕೆ ಹೊರಟ ತಾಯಿ ಆದೆ. ಅವಲಕ್ಕಿ ಡಬ್ಬಿಯ ಮುಚ್ಚಳ ಸ್ವಲ್ಪ ಜೋರಾಗಿಯೇ ಮುಚ್ಚಿಕೊಂಡಿತು.

ಅದೇ ಹೊತ್ತಿಗೆ ಎಸ್ 4ರಲ್ಲೂ ಯಾರೋ ಇದೇ ಪ್ರಶ್ನೆ ಕೇಳಿದ್ದರಂತೆ. ಇವರು "ಸ್ಕೂಲಿನಿಂದ ಟೂರ್ ಹೋಗಿದ್ದಾರೆ" ಅಂದಿದ್ದರು. ಇದು ಗೊತ್ತಾಗಿದ್ದು ಮಾರನೇ ದಿನ ಬೆಳಗ್ಗೆ, ಕುಂದಾಪುರ ಸ್ಟೇಷನ್ನಿನಲ್ಲಿ ಹತ್ತಿದ ಆಟೋದಲ್ಲಿ. ಡ್ರೈವರ್ ಹುಡುಗ ಬ್ಯಾಗ್ ಇಟ್ಟುಕೊಂಡವನೇ, "ಮಕ್ಳ್ ಬರ್ಲಿಲ್ಯಾ?" ಅಂದ. "ಪರೀಕ್ಷೆ" ಅಂದೆ ನಾನು. "ಟೂರ್" ಅಂದರು ಇವರು. ಒಂದೇ ಸಲಕ್ಕೆ, ಕೋರಸ್ ಥರ. ಹುಡುಗ ಕನ್ನಡಿಯಲ್ಲಿ ನಮ್ಮನ್ನು ನೋಡಿದ. ಆಮೇಲೆ ದಾರಿಯುದ್ದಕ್ಕೂ ಏನೂ ಕೇಳಲಿಲ್ಲ. ಕರಾವಳಿಯ ಆಟೋ ಡ್ರೈವರ್ ಏನೂ ಕೇಳದಿದ್ದರೆ ಹುಷಾರಾಗಿರಬೇಕು ಅನ್ನೋದು ಆಗ ನಮಗೆ ತಿಳಿದಿರಲಿಲ್ಲ.

ಅವನು ಹೋಮ್‌ಸ್ಟೇ ಅಮ್ಮನ ತಮ್ಮನ ಮಗ.

ಅಮ್ಮ ಜಗಲಿಯಲ್ಲಿ ಕೂತು ಹೂ ಕಟ್ಟುತ್ತಿದ್ದರು. ಬಿಳಿ ಕೂದಲು, ದಪ್ಪ ಕನ್ನಡಕ. ನಮ್ಮ ಆಧಾರ್ ಕಾರ್ಡ್ ಈಸಿಕೊಂಡು ಬೆಳಕಿಗೆ ಹಿಡಿದರು. ನನ್ನದರಲ್ಲಿ ಇನ್ನೂ ಅಪ್ಪನ ಹೆಸರೇ ಇದೆ, ವಿಳಾಸ ಮೈಸೂರಿನದು. ಇವರದು ಬೆಂಗಳೂರು. ಬದಲಾಯಿಸಬೇಕು ಅಂತ ಎಷ್ಟೋ ವರ್ಷದಿಂದ ಅಂದುಕೊಳ್ಳುತ್ತಲೇ ಇದ್ದೇನೆ. ಅಮ್ಮ ಕಾರ್ಡ್ ನೋಡಿದರು, ನನ್ನ ಕತ್ತು ನೋಡಿದರು. ಕರಿಮಣಿ ಇತ್ತು, ಪುಣ್ಯ. ಕಾಲು ನೋಡಿದರು. ಬೆರಳು ಊದಿಕೊಂಡಿತ್ತು ಅಂತ ಕಾಲುಂಗುರ ತೆಗೆದು ಮನೆಯಲ್ಲೇ ಇಟ್ಟಿದ್ದೆ.

"ನದಿ ಕಡೆ ರೂಮ್ ಕೇಳಿದ್ವಲ್ಲಾ" ಅಂದರು ಇವರು.

"ಅಲ್ಲಿ ಹಾವ್ ಬತ್ತ್" ಅಂತ ಹೇಳಿ, ತಮ್ಮ ಮಂಚಕ್ಕೆ ನೇರ ಎದುರಾಗೋ ರೂಮಿನ ಬೀಗದ ಕೈ ಕೊಟ್ಟರು.

ಮಧ್ಯಾಹ್ನ ಮರವಂತೆಗೆ ಹೋದೆವು. ಜಾಗದ ಬಗ್ಗೆ ತಕರಾರಿಲ್ಲ. ಹೆದ್ದಾರಿ 66ರ ಒಂದು ಪಕ್ಕ ಸಮುದ್ರ, ಇನ್ನೊಂದು ಪಕ್ಕ ಸೌಪರ್ಣಿಕಾ ನದಿ. ಕೊಲ್ಲೂರಿನ ಕಡೆಯಿಂದ ಅಷ್ಟು ದೂರ ಬಂದ ಹೊಳೆ ಇಲ್ಲಿ ಸಮುದ್ರದ ಬಾಗಿಲ ತನಕ ಬರುತ್ತದೆ. ಒಂದು ರಸ್ತೆ ದಾಟಿದರೆ ಮುಗಿಯಿತು. ಅಷ್ಟರಲ್ಲಿ ಮನಸ್ಸು ಬದಲಾಯಿಸಿ ತಿರುಗಿಕೊಂಡು, ಸುತ್ತು ಹಾಕಿ, ಗಂಗೊಳ್ಳಿ ಹತ್ತಿರ ಹೋಗಿ ಸಮುದ್ರ ಸೇರುತ್ತದೆ. "ನಿಶ್ಚಿತಾರ್ಥ ಆದಮೇಲೆ ಯೋಚನೆ ಮಾಡೋಕೆ ಟೈಮ್ ಕೇಳಿದ ಹುಡುಗಿ ಥರ ಅಲ್ವಾ?" ಅಂದರು ಇವರು. "ಬುದ್ಧಿವಂತೆ" ಅಂದೆ.

ಆದರೆ ಈ ಸಮುದ್ರ ಮತ್ತು ನದಿಯ ಮಧ್ಯೆ ಇರೋದು ಹೆದ್ದಾರಿ. ಹೆದ್ದಾರಿಯಲ್ಲಿ ಹೋಗೋದು ಮೀನಿನ ಲಾರಿ. ಎರಡೂ ಒಂದೇ ಫ್ರೇಮಿನಲ್ಲಿ ಬರಬೇಕು ಅಂತ ಇವರು ನನ್ನನ್ನು ರಸ್ತೆ ಅಂಚಿಗೆ ನಿಲ್ಲಿಸಿದರು. "ಇನ್ನೊಂಚೂರು ಹಿಂದೆ, ಇನ್ನೊಂಚೂರು." ಲಾರಿ ಹಾರ್ನ್ ಹೊಡೆಯುತ್ತಾ ಹೋಯಿತು. ಮಂಜುಗಡ್ಡೆ ಕರಗಿ ಹಿಂದಿನಿಂದ ಸುರಿಯುತ್ತಿದ್ದ ನೀರು ನನ್ನ ಹೊಸ ಕುರ್ತಾದ ಮೇಲೆ ಎಡಭುಜದಿಂದ ಮಂಡಿಯ ತನಕ ಬಂತು. ತಿಳಿ ಗುಲಾಬಿ ಬಣ್ಣದ ಕುರ್ತಾ. ಅದಾದಮೇಲೆ ತೋಟದ ಮನೆಯ ಬೆಕ್ಕು ಮಾತ್ರ ನನ್ನನ್ನು ಬಿಟ್ಟು ಕದಲಲಿಲ್ಲ. ಇವರು ಮೂರು ಅಡಿ ದೂರದಲ್ಲೇ ಕೂರುತ್ತಿದ್ದರು.

ರಾತ್ರಿ ಕರೆಂಟ್ ಹೋಯಿತು. "ಊಟ ಇತ್ತ್, ಬನಿ" ಅಂತ ಅಮ್ಮ ಕೂಗಿದರು. "ಇತ್ತು ಅಂತಿದ್ದಾರೆ, ಖಾಲಿಯಾಯ್ತೇನೋ" ಅಂತ ಇವರು ಗಾಬರಿಯಾದರು. ಆ ಕಡೆ ‘ಇತ್ತ್’ ಅಂದರೆ ‘ಇದೆ’ ಅಂತ. ಹೋಗಿ ನೋಡಿದರೆ ಮೇಜಿನ ಮಧ್ಯೆ ಮೇಣದ ಬತ್ತಿ. ನೀರ್ ದೋಸೆ, ಕೋಳಿ ಸುಕ್ಕ, ಹೊರಗೆ ಜೀರುಂಡೆ ಸದ್ದು. ಕ್ಯಾಂಡಲ್ ಲೈಟ್ ಡಿನ್ನರ್! ದುಡ್ಡು ಕೊಟ್ಟರೂ ಸಿಗೋದಿಲ್ಲ. ಅಮ್ಮ ಕುರ್ಚಿ ಎಳೆದುಕೊಂಡು ನಮ್ಮಿಬ್ಬರ ನಡುವೆ ಕೂತರು.

"ಮಕ್ಳಿಗೆ ಪರೀಕ್ಷೆಯಾ, ಟೂರಾ?"

ಇವರು ದೋಸೆ ನುಂಗಿದರು. "ದೊಡ್ಡವನಿಗೆ ಪರೀಕ್ಷೆ, ಚಿಕ್ಕವಳು ಟೂರ್" ಅಂತ ನಾನು ಹೊಲಿಗೆ ಹಾಕಿದೆ. "ಹಾಂಗಾ" ಅಂದರು ಅಮ್ಮ. ಆ ‘ಹಾಂಗಾ’ದಲ್ಲಿ ಇದ್ದ ಅನುಮಾನವನ್ನು ಬರೆದು ತೋರಿಸೋಕೆ ಆಗೋದಿಲ್ಲ. ಆಮೇಲೆ ಮೆತ್ತಗೆ, "ಫೋಟೋ ಇತ್ತಾ?"

ಇಲ್ಲಿ ನಮ್ಮ ಮಾನ ಹೋಯಿತು. ನನ್ನ ಫೋನಿನ ಚಾರ್ಜ್ ಮುಗಿದಿತ್ತು. ಇವರು ತಮ್ಮ ಫೋನಿನಲ್ಲಿ ಹುಡುಕತೊಡಗಿದರು. ಕರೆಂಟ್ ಮೀಟರ್ ರೀಡಿಂಗ್. ಮಾಲ್ ಪಾರ್ಕಿಂಗಿನ ಕಂಬದ ನಂಬರ್. ಗ್ಯಾಸ್ ರಸೀದಿ. ಒಡೆದ ನಲ್ಲಿ. ಅದೇ ನಲ್ಲಿ ಇನ್ನೊಂದು ಕಡೆಯಿಂದ. ಮಾತ್ರೆಯ ಹಾಳೆ. ಅಮ್ಮ ಕನ್ನಡಕ ಸರಿಮಾಡಿಕೊಂಡು ಒಂದೊಂದನ್ನೂ ನೋಡಿದರು. 20 ನಿಮಿಷ ಕಳೆದರೂ ಒಂದು ಮಗು ಬರಲಿಲ್ಲ. ಕೊನೆಗೆ ಒಂದು ಹುಡುಗನ ಫೋಟೋ ಸಿಕ್ಕಿತು. ಅದು ಪಕ್ಕದ ಮನೆಯವರದು.

ರಾತ್ರಿ ಅಮ್ಮ ತಮ್ಮ ಕೋಣೆಯ ಬಾಗಿಲು ತೆರೆದಿಟ್ಟುಕೊಂಡೇ ಮಲಗಿದರು.

ಮಾರನೇ ದಿನ ಮಲ್ಪೆ. ಅಲ್ಲಿಂದ ಬೋಟ್ ಹತ್ತಿ ಸೇಂಟ್ ಮೇರೀಸ್ ದ್ವೀಪ. ಬೋಟಿನಲ್ಲಿ ಸ್ಪೀಕರ್ ಎಷ್ಟು ಜೋರಾಗಿತ್ತೆಂದರೆ ಇವರು ನನ್ನ ಕಿವಿಯಲ್ಲಿ ಏನೋ ಪ್ರೀತಿಯಿಂದ ಹೇಳಿದರು, ನಾನು "ವಾಂತಿ ಬರ್ತಿದೆಯಾ?" ಅಂತ ಕೇಳಿ ಪ್ಲಾಸ್ಟಿಕ್ ಕವರ್ ಕೊಟ್ಟೆ. ದ್ವೀಪ ಮಾತ್ರ ನಿಜಕ್ಕೂ ಚಂದ. ಯಾರೋ ಅಳತೆ ಹಿಡಿದು ಕೆತ್ತಿ ನಿಲ್ಲಿಸಿದ ಹಾಗೆ ಷಟ್ಕೋನದ ಕಲ್ಲಿನ ಕಂಬಗಳು, ಕಾಲಿಗೆ ಸಿಗೋ ಚಿಪ್ಪುಗಳು. ನೆರಳಿಗೆ ಬೇಕಾದಷ್ಟು ತೆಂಗಿನ ಮರ. ಇವರು ಮೊಬೈಲ್ ತೆಗೆದು ಓದಿ ಹೇಳಿದರು: ಸುಮಾರು 8.8 ಕೋಟಿ ವರ್ಷದ ಹಿಂದೆ ಇಂಡಿಯಾ ಮತ್ತು ಮಡಗಾಸ್ಕರ್ ಒಂದೇ ನೆಲವಾಗಿದ್ದವು, ಆಮೇಲೆ ಬಿರುಕು ಬಿಟ್ಟು ಬೇರೆಯಾದವು, ಆ ಕಾಲದಲ್ಲಿ ಉಕ್ಕಿದ ಲಾವಾ ಆರಿ ಈ ಕಂಬಗಳಾದವು.

"ಅಂದ್ರೆ ಇದು ಡೈವೋರ್ಸ್ ಆದ ಜಾಗ" ಅಂದೆ.

ಇವರು ಮೊಬೈಲ್ ಜೇಬಿಗೆ ಹಾಕಿಕೊಂಡರು. ಸ್ವಲ್ಪ ಹೊತ್ತು ಬಿಟ್ಟು, "ಕಾರಣ ಏನಂತೆ?" ಅಂತ ನಾನೇ ಕೇಳಿದೆ. "ಒಳಗಿನ ಬಿಸಿ" ಅಂದರು.

ಸರಿ, ಒಂದು ಬಂಡೆಯ ಮೇಲೆ ಇಬ್ಬರೂ ಹತ್ತಿರ ಕೂತೆವು. ಪೀ... ಅಂತ ಸಿಳ್ಳೆ ಬಂತು. ಗಾರ್ಡ್ ನಮ್ಮ ಕಡೆಯೇ ಕೈ ಮಾಡುತ್ತಿದ್ದ. ಬೆಚ್ಚಿ ದೂರ ಸರಿದು ಕೂತೆವು. ಮತ್ತೆ ಪೀ! ಇನ್ನೂ ದೂರ ಹೋದೆವು. ಈಗ ನಮ್ಮ ನಡುವೆ ಆರಡಿ. ಗಾರ್ಡ್ ಓಡಿಕೊಂಡೇ ಬಂದ. "ಬಂಡೆ ಜಾರುತ್ತೆ ಮೇಡಂ, ಇಳೀರಿ. ಹತ್ರ ಕೂತ್ಕೊಳ್ಳೋಕೆ ಯಾರೂ ಏನೂ ಹೇಳಲ್ಲ" ಅಂದ. ಹೋಗೋ ಮುಂಚೆ ಸುತ್ತ ಒಮ್ಮೆ ನೋಡಿ, "ಮಕ್ಕಳು ನೀರಿಗಿಳಿದಿಲ್ಲ ಅಲ್ವಾ?" ಅಂತಲೂ ಕೇಳಿದ.

ಸಂಜೆ ಕಾಪು. ದೀಪಸ್ತಂಭ 1901ರದ್ದು. ಒಳಗೆ ಸುತ್ತುವ ಮೆಟ್ಟಿಲು, ಕೈ ಕೈ ಹಿಡಿದು ಹತ್ತೋಕೆ ಜಾಗವಿಲ್ಲ, ಒಬ್ಬರ ಹಿಂದೆ ಒಬ್ಬರು. ಇವರು ಮುಂದೆ, ನಾನು ಹಿಂದೆ, ನನ್ನ ಹಿಂದೆ ಶಾಲಾ ಪ್ರವಾಸಕ್ಕೆ ಬಂದ 60 ಮಕ್ಕಳು. ಮನೆಯಲ್ಲಿ ಇಬ್ಬರನ್ನು ಬಿಟ್ಟು ಬಂದರೆ ದೇವರು 60 ಕೊಟ್ಟ. ಮೇಲೆ ಸೂರ್ಯ ಮುಳುಗುತ್ತಿತ್ತು. ಕೆಳಗೆ ಅಲೆ ಬಂಡೆಗೆ ಬಡಿದು ಬಿಳಿ ನೊರೆ ಚೆಲ್ಲುತ್ತಿತ್ತು. ನಾನು ಒಬ್ಬನ ಶೂ ಲೇಸ್ ಕಟ್ಟುತ್ತಿದ್ದೆ. ಇವರು ಇನ್ನೊಬ್ಬಳ ನೀರಿನ ಬಾಟಲಿ ಮುಚ್ಚಳ ತೆಗೆಯುತ್ತಿದ್ದರು. ಟೀಚರ್ ನನ್ನನ್ನು ನೋಡಿ, "ನೀವು ಯಾವ ಮಗುವಿನ ಪೇರೆಂಟ್?" ಅಂತ ಕೇಳಿದರು. ಒಬ್ಬ ಹುಡುಗ "ಅಂಕಲ್, ನಾನು ಫೋಟೋ ತೆಗೀತೀನಿ" ಅಂತ ಫೋನ್ ಕಿತ್ತುಕೊಂಡ. ಇಡೀ ಪ್ರವಾಸದಲ್ಲಿ ನಾವಿಬ್ಬರೂ ಒಟ್ಟಿಗಿರೋ ಫೋಟೋ ಅದೊಂದೇ. ಅದರಲ್ಲಿ ಅರ್ಧ ಜಾಗ ಅವನ ಹೆಬ್ಬೆರಳು.

ರಾತ್ರಿ ಮನೆ ಮುಟ್ಟುವಾಗ ಜಗಲಿಯಲ್ಲಿ ಅಮ್ಮನ ಜೊತೆ ಇನ್ನೂ ಮೂವರು ಹೆಂಗಸರಿದ್ದರು. ಆಟೋ ಹುಡುಗನೂ ಇದ್ದ. ಈ ವಯಸ್ಸಿನಲ್ಲಿ ನಾವು ಓಡಿ ಬಂದ ಜೋಡಿ ಆಗಿಬಿಟ್ಟಿದ್ದೇವೆ ಅಂತ ಅರ್ಥವಾಯಿತು. ನಿಜ ಹೇಳಬೇಕೆಂದರೆ ನನಗೆ ಒಳಗೊಳಗೇ ಸ್ವಲ್ಪ ಖುಷಿಯೂ ಆಯಿತು. 43 ವರ್ಷಕ್ಕೆ, ಮಂಡಿ ನೋವಿನ ಬೆಲ್ಟ್ ಹಾಕಿಕೊಂಡಿರೋ ನನ್ನ ಬಗ್ಗೆ ಯಾರು ಹಾಗೆ ಅಂದುಕೊಳ್ಳುತ್ತಾರೆ ಹೇಳಿ?

ಇವರಿಗೆ ಖುಷಿಯಾಗಲಿಲ್ಲ. "ವಿಡಿಯೋ ಕಾಲ್ ಮಾಡು" ಅಂದರು. ಸಿಗ್ನಲ್ ಸಿಗೋದು ಬಾವಿಕಟ್ಟೆಯ ಹತ್ತಿರ ಮಾತ್ರ. ಎಲ್ಲರೂ ಬಾವಿಕಟ್ಟೆಗೆ ಹೋದೆವು, ಅಮ್ಮ ಟಾರ್ಚ್ ಹಿಡಿದುಕೊಂಡರು. ಏಳನೇ ರಿಂಗಿಗೆ ಮಗ ಎತ್ತಿದ. ತೆರೆಯ ಮೇಲೆ ಅವನ ಹಣೆ, ಅದರ ಮೇಲೆ ಫ್ಯಾನ್. "ಏನಮ್ಮಾ, ಗೇಮ್ ನಡೀತಿದೆ, ಆಮೇಲೆ ಮಾಡು" ಅಂದವನೇ ಕಟ್ ಮಾಡಿದ. ನಮ್ಮನ್ನು ನೋಡಲೂ ಇಲ್ಲ.

ಬಾವಿಕಟ್ಟೆಯಲ್ಲಿ ಎರಡು ಸೆಕೆಂಡ್ ಮೌನ.

"ಇದ್ ನಿಮ್ ಮಗನೇ ಸೈ" ಅಂದರು ಅಮ್ಮ. "ಸಂಶಯವೇ ಇಲ್ಲೆ."

ಆ ರಾತ್ರಿಯೇ ನದಿ ಕಡೆಯ ರೂಮ್ ಸಿಕ್ಕಿತು. ಹಾವಿನ ಸುದ್ದಿ ಮತ್ತೆ ಬರಲಿಲ್ಲ.

ಕೊನೇ ದಿನ ಬೆಳಕು ಹರಿಯೋ ಮುಂಚೆ ಇಬ್ಬರೂ ತ್ರಾಸಿ ದಂಡೆಗೆ ನಡೆದುಕೊಂಡು ಹೋದೆವು. ಪಟ್ಟಿಯಲ್ಲಿ ಇಲ್ಲದ ಜಾಗ. ಮರಳು ತಣ್ಣಗಿತ್ತು, ಜನರಿಲ್ಲ. ಇವರು ನನ್ನ ಕೈ ಹಿಡಿದರು. ಅಷ್ಟರಲ್ಲಿ, "ಹ್ವಾಯ್! ಸುಮ್ನೆ ನಿಂತ್ಕಂಡ್ ಎಂತ ಕಾಂತ್ರಿ? ಒಂದ್ ಕೈ ಹಾಕಿ!"

ಕೈರಂಪಣಿಯವರು. ದೋಣಿಯಲ್ಲಿ ಹೋಗಿ ಸಮುದ್ರದಲ್ಲಿ ಅರ್ಧ ಚಂದ್ರದ ಹಾಗೆ ಬಲೆ ಬಿಟ್ಟು, ಅದರ ಎರಡು ಹಗ್ಗದ ತುದಿಗಳನ್ನು ದಡಕ್ಕೆ ತಂದು ಎಳೆಯುತ್ತಾರೆ. ಅವತ್ತು ಜನ ಕಡಿಮೆ ಬಿದ್ದಿದ್ದರು. ಕೇಳಿ ಒಪ್ಪಿಗೆ ಪಡೆಯೋ ಪದ್ಧತಿ ಅಲ್ಲಿಲ್ಲ. ಇವರನ್ನು ಆ ತುದಿಯ ಹಗ್ಗಕ್ಕೆ ಕಳಿಸಿದರು, ನನ್ನನ್ನು ಈ ತುದಿಗೆ ನಿಲ್ಲಿಸಿದರು. ನಡುವೆ ಒಂದು ಫುಟ್‌ಬಾಲ್ ಮೈದಾನದಷ್ಟು ಮರಳು. ದೂರದಿಂದ ಇವರು ಕೈ ಬೀಸಿದರು. "ಹಗ್ಗ ಬಿಡ್ಬ್ಯಾಡಿ ಮಾರಾಯ್ರೆ!" ಅಂತ ಬೈಸಿಕೊಂಡರು.

ಹಗ್ಗ ಒದ್ದೆ, ಒರಟು, ಅದಕ್ಕೆ ಅಂಟಿದ ಮರಳು ಅಂಗೈಯನ್ನು ಉಪ್ಪುಕಾಗದದ ಹಾಗೆ ತಿಕ್ಕುತ್ತಿತ್ತು. ಒಬ್ಬರು ಕೂಗು ಹಾಕೋದು, ಉಳಿದವರೆಲ್ಲ ಹಿಂದಕ್ಕೆ ವಾಲಿ ಎಳೆಯೋದು. ಕೂಗಿನ ಮಾತು ನನಗೆ ಒಂದೂ ತಿಳಿಯಲಿಲ್ಲ, ಆದರೆ ಎಲ್ಲಿ ದಮ್ಮು ಕಟ್ಟಬೇಕು ಅನ್ನೋದು ಐದನೇ ಸಲಕ್ಕೆ ಗೊತ್ತಾಯಿತು. ಬಲೆ ದಡಕ್ಕೆ ಬಂದಹಾಗೆ ಎರಡು ಕಡೆಯವರೂ ಎಳೆಯುತ್ತಲೇ ಒಬ್ಬರ ಕಡೆಗೊಬ್ಬರು ಸರಿಯುತ್ತಾರೆ. ಒಂದೊಂದೇ ಹೆಜ್ಜೆ. ಮೊದಲು ಇವರು ಬೆರಳಿನಷ್ಟಿದ್ದರು. ಆಮೇಲೆ ಅಂಗಿಯ ಬಣ್ಣ ಕಂಡಿತು. ಆಮೇಲೆ ಬೋಳಾಗುತ್ತಿರೋ ತಲೆ. ಮುಕ್ಕಾಲು ಗಂಟೆ ಆಗಿರಬೇಕು, ಮೊಣಕಾಲುದ್ದ ನೀರಿನಲ್ಲಿ ನಾವಿಬ್ಬರೂ ಎದುರುಬದುರು ನಿಂತಿದ್ದೆವು. ಇಬ್ಬರಿಗೂ ಏದುಸಿರು, ನಡುವೆ ಬಲೆಯಲ್ಲಿ ಪಟಪಟ ಒದ್ದಾಡೋ ಬಂಗುಡೆ. ಇವರ ಕನ್ನಡಕದ ಮೇಲೆ ಒಂದು ಮೀನಿನ ಪೊರೆ ಅಂಟಿತ್ತು. ತೆಗೆದೆ.

ಪಾಲು ಅಂತ ಒಂದು ಚೀಲದಲ್ಲಿ ಹತ್ತು ಬಂಗುಡೆ ಕೊಟ್ಟರು. ಅಮ್ಮ ಎಂಟನ್ನು ನಮಗೆ ಹುರಿದು ಹಾಕಿ ಎರಡನ್ನು ಬೆಕ್ಕಿಗೆ ಕೊಟ್ಟರು. ಹೊರಡುವಾಗ ಒಂದು ಡಬ್ಬಿ ಹಾಲ್ಬಾಯಿ, ಎರಡು ತೆಂಗಿನಕಾಯಿ, ಒಂದು ಬಾಟಲಿ ಕೋಕಂ. "ಮಕ್ಳಿಗೆ" ಅಂದರು. ಆಟೋ ಹತ್ತಿದಮೇಲೆ ಹತ್ತಿರ ಬಂದು, "ಮುಂದಿನ್ ಸಲ ಮಕ್ಳನ್ನ್ ಕರ್ಕಂಡ್ ಬನ್ನಿ. ನಾನ್ ನೋಡ್ಕಂತೆ. ನೀವಿಬ್ರೂ ಎಲ್ಲಿಗಾರೂ ಹೋಯ್ನಿ" ಅಂದರು.

ಮನೆಗೆ ಬಂದಾಗ ಮಗ ಹಾಲ್ಬಾಯಿ ಡಬ್ಬಿ ಎತ್ತಿಕೊಂಡು ರೂಮಿಗೆ ಹೋದ. ಮಗಳು ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿ, ಥೇಟ್ ಆ ಅಮ್ಮನ ಹಾಗೆಯೇ ಕೇಳಿದಳು, "ಮೂರು ದಿನ ನೀವಿಬ್ರೇ ಏನ್ ಮಾಡಿದ್ರಿ ಅಲ್ಲಿ?"

"ಬಲೆ ಎಳೆದ್ವಿ" ಅಂದರು ಇವರು. ಅಂಗೈ ಬಿಚ್ಚಿ ಬೊಬ್ಬೆ ತೋರಿಸಿದರು. ನಾನೂ ನನ್ನದನ್ನು ತೋರಿಸಿದೆ.