‘ಯಾಕೋ’ ಎಂಬ ಪದದ ಮೇಲೆ ನಿಂತ ಹಾಡು

ಕಳೆದ ಭಾನುವಾರ ಬಸವನಗುಡಿಯ ಕಲ್ಯಾಣ ಮಂಟಪವೊಂದರ ಆರತಕ್ಷತೆಯಲ್ಲಿ ಆರ್ಕೆಸ್ಟ್ರಾದವರು ‘ಅನಿಸುತಿದೆ ಯಾಕೋ ಇಂದು’ ಎಂದು ಎತ್ತಿಕೊಂಡ ಕೂಡಲೇ, ಊಟಕ್ಕೆ ಕಾಯುತ್ತಿದ್ದ ನನ್ನ ವಯಸ್ಸಿನವರೆಲ್ಲ ವೇದಿಕೆಯತ್ತ ತಿರುಗಿದರು. ಆ ಹಾಡಿರುವ ‘ಮುಂಗಾರು ಮಳೆ’ ಚಿತ್ರ ತೆರೆ ಕಂಡದ್ದು 2006ರ ಡಿಸೆಂಬರ್ ಕೊನೆಯಲ್ಲಿ. ಇಷ್ಟು ವರ್ಷಗಳ ನಂತರವೂ ಈ ಹಾಡು ನಮ್ಮನ್ನು ಹಿಡಿದು ನಿಲ್ಲಿಸುವುದು ಹಳೆಯ ನೆನಪಿನ ಬಲದಿಂದ ಮಾತ್ರ ಎಂಬುದನ್ನು ನಾನು ಒಪ್ಪುವುದಿಲ್ಲ. ಆ ಕಾಲದಲ್ಲೇ ಮನೆಮಾತಾಗಿದ್ದ ಎಷ್ಟೋ ಹಾಡುಗಳು ನನಗೆ ಪಲ್ಲವಿಯ ಆಚೆಗೆ ನೆನಪಾಗುವುದಿಲ್ಲ.

ಈ ಹಾಡಿನ ಜೀವವಿರುವುದು ‘ಯಾಕೋ’ ಎಂಬ ಪದದಲ್ಲಿ ಎಂದು ನನ್ನ ನಂಬಿಕೆ. ಜಯಂತ ಕಾಯ್ಕಿಣಿಯವರು ಬರೆದ ಈ ಹಾಡಿನ ಪ್ರೇಮಿ ಆಣೆ ಇಡುವುದಿಲ್ಲ, ಪ್ರಾಣ ಕೊಡುತ್ತೇನೆ ಎನ್ನುವುದಿಲ್ಲ; ತನಗೇನೋ ಅನಿಸುತ್ತಿದೆ, ಯಾಕೆಂದು ತನಗೇ ತಿಳಿಯದು ಎನ್ನುತ್ತಾನೆ. ಕನ್ನಡದಲ್ಲಿ ‘ಅನಿಸುವುದು’ ನಾವು ಮಾಡುವ ಕೆಲಸವಲ್ಲ; ಹಸಿವಾದಂತೆ, ನಿದ್ದೆ ಬಂದಂತೆ, ಅದು ನಮಗೆ ಆಗುವಂಥದ್ದು. ‘ನನ್ನವಳು’ ಎಂಬ ಹಕ್ಕಿನ ಮಾತು ಅದೇ ಸಾಲಿನಲ್ಲಿ ಬಂದರೂ ಈ ಅನಿಸಿಕೆಯ ನೆರಳಿನಲ್ಲೇ ಬರುವುದರಿಂದ ಅದರಲ್ಲಿ ಅಧಿಕಾರದ ದನಿಯಿಲ್ಲ. ಇನ್ನೂ ಒಂದು ಸೂಕ್ಷ್ಮವಿದೆ. ಬರಹದಲ್ಲಿ ನಾವು ‘ಅನಿಸುತ್ತಿದೆ’ ಎನ್ನುತ್ತೇವೆ. ಇಲ್ಲಿ ಒತ್ತು ಸಡಿಲಿಸಿ ‘ಅನಿಸುತಿದೆ’ ಎಂದಾದಾಗ ಐದೂ ಲಘುಗಳು, ಅಂದರೆ ಗಿಡ್ಡ ಅಕ್ಷರಗಳು, ಸರಸರನೆ ಹರಿದು ‘ಯಾಕೋ’ ಎಂಬ ಎರಡು ಗುರುಗಳ, ಅಂದರೆ ಉದ್ದ ಅಕ್ಷರಗಳ, ಬಳಿ ತಡೆದು ನಿಲ್ಲುತ್ತವೆ. ಹೇಳಲು ಹೊರಟವನು ಮಾತು ತಡವರಿಸಿ ನಿಂತಂತೆಯೇ ಅದು. ಮನೋಮೂರ್ತಿಯವರ ಸಂಗೀತದಲ್ಲೂ ಸೋನು ನಿಗಮ್ ಅವರ ಮೆಲುದನಿಯಲ್ಲೂ ಆ ತಡವರಿಕೆ ಉಳಿದುಕೊಂಡಿದೆ.

ಚಿತ್ರ ನೋಡಿದವರಿಗೆ ಈ ಪದ ಮತ್ತೊಮ್ಮೆ ತಟ್ಟುತ್ತದೆ. ನಮ್ಮ ಬ್ರಿಗೇಡ್ ರಸ್ತೆಯ ಈವಾ ಮಾಲ್ ಬಳಿ ನಾಯಕಿ ನಂದಿನಿಯನ್ನು ಕಂಡು ಮರುಳಾದ ನಾಯಕ ಪ್ರೀತಂ ಕೊನೆಗೆ ಅವಳನ್ನು ಬಿಟ್ಟುಕೊಡುತ್ತಾನೆ. ಅವನಿಗೆ ಅನಿಸಿದ್ದು ಸುಳ್ಳಾಗಿರಲಿಲ್ಲ, ಆದರೆ ಕೈಗೂಡಲಿಲ್ಲ. ಆ ಕೊನೆಯನ್ನು ತಿಳಿದ ಮೇಲೂ ಜನ ಈ ಹಾಡನ್ನು ಮದುವೆ ಮನೆಗಳಲ್ಲಿ ಹಾಡಿಸುತ್ತಾರೆಂದರೆ, ಅವರು ಮೆಚ್ಚುವುದು ಗೆದ್ದ ಪ್ರೀತಿಯನ್ನಲ್ಲ, ಪ್ರೀತಿ ಹುಟ್ಟಿದ ಗಳಿಗೆಯನ್ನು.

ಬೆಂಗಳೂರಿನ ಮಲ್ಟಿಪ್ಲೆಕ್ಸ್ ಒಂದರಲ್ಲಿ ಚಿತ್ರ ಒಂದು ವರ್ಷಕ್ಕೂ ಹೆಚ್ಚು ಕಾಲ ಓಡಿತು. ಆಗ ನಾನು ಹನುಮಂತನಗರದ ಬಾಡಿಗೆ ಕೋಣೆಯಿಂದ ದಿನವೂ ಮೆಜೆಸ್ಟಿಕ್ ಬಸ್ಸು ಹಿಡಿಯುತ್ತಿದ್ದೆ. ಅದೇ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬಳೊಂದಿಗೆ ಒಂದು ಮಾತನ್ನೂ ಆಡದೆ ಎಂಟು ತಿಂಗಳು ಕಳೆದೆ. ಮೊಬೈಲಿನ ಎಫ್‌ಎಂನಲ್ಲಿ ಈ ಹಾಡು ಬಂದಾಗ ಕಿವಿಯಲ್ಲಿದ್ದ ಇಯರ್‌ಫೋನನ್ನು ಇನ್ನಷ್ಟು ಒತ್ತಿಕೊಳ್ಳುತ್ತಿದ್ದೆ; ನನ್ನ ಮನಸ್ಸಿನಲ್ಲಿದ್ದುದನ್ನು ಯಾರೋ ಬಸ್ಸಿಗೆಲ್ಲ ಕೇಳುವಂತೆ ಹೇಳಿಬಿಡುತ್ತಿದ್ದಾರೆ ಎಂಬ ಭಯ. ಒಂದು ಸೋಮವಾರದಿಂದ ಅವಳು ಬರಲಿಲ್ಲ. ಅದನ್ನು ಪ್ರೀತಿ ಎಂದು ಕರೆಯುವಷ್ಟು ಧೈರ್ಯ ನನಗೆ ಇಂದಿಗೂ ಇಲ್ಲ. ‘ಯಾಕೋ ಅನಿಸಿತ್ತು’ ಎನ್ನಬಲ್ಲೆ, ಮತ್ತು ಅಷ್ಟನ್ನು ಹೇಳಲು ಪದ ಕೊಟ್ಟದ್ದು ಈ ಹಾಡು.

ಭಾನುವಾರ ಹಾಡಿದ ಹುಡುಗ ಒಳ್ಳೆಯ ಕಂಠದವನು, ಆದರೆ ‘ಯಾಕೋ’ ಬಂದಾಗಲೆಲ್ಲ ಸಂಗತಿಗಳನ್ನು, ಅಂದರೆ ಸ್ವರದ ಅಲಂಕಾರಗಳನ್ನು, ಹಾಕಿ ಎಳೆಯುತ್ತಿದ್ದ. ಊಟ ಮುಗಿಸಿ ವೇದಿಕೆಯ ಬಳಿ ಹೋಗಿ, “ಬೇಜಾರು ಮಾಡ್ಕೋಬೇಡಪ್ಪ, ಆ ಒಂದು ಪದ ಮಾತ್ರ ಸುಮ್ನೆ ಹಾಡು, ಏನೂ ಸೇರಿಸ್ಬೇಡ” ಎಂದೆ. ಅವನು ಮೈಕನ್ನು ಬದಿಗೆ ಹಿಡಿದು, ನನಗೊಬ್ಬನಿಗೇ ಕೇಳುವಷ್ಟು ಮೆಲ್ಲಗೆ, ಆ ಸಾಲನ್ನು ಇನ್ನೊಮ್ಮೆ ಹಾಡಿದ.