ಗಟ್ಟಿ ಅಂದರೆ ಯಾವುದಕ್ಕೆ ಗಟ್ಟಿ?

ಇವತ್ತು ಮತ್ತೆ ಅದೇ ಆಯಿತು. ಕಂಬದಿಂದ ಕಂಬಕ್ಕೆ ದೂರ ಎಷ್ಟು, ಅಡಿಪಾಯದ ಮಣ್ಣು ಎಂಥದ್ದು, ಮೇಲೆ ಏನು ಭಾರ ಬರುತ್ತೆ ಅಂತ ಗಂಟೆಗಟ್ಟಲೆ ಮಾತಾಡಿದ ಮೇಲೆ ಕಟ್ಟಿಸುವವರು ಕೇಳಿದ್ದು ಒಂದೇ: ‘ಅದೆಲ್ಲ ಇರಲಿ ಸರ್, ಕಾಂಕ್ರೀಟೋ, ಉಕ್ಕೋ, ಮರವೋ, ಯಾವುದು ಗಟ್ಟಿ?’ ನಮ್ಮ ಆಫೀಸಿನ ಹುಡುಗ ಮೂರಕ್ಕೂ ಹತ್ತರಲ್ಲಿ ಅಂಕ ಹಾಕಿದ ಪಟ್ಟಿಯನ್ನೇ ತೆಗೆದು ತೋರಿಸಿದ. ಮನೆಗೆ ಬಂದರೂ ನನ್ನ ಸಿಟ್ಟು ಇಳಿದಿಲ್ಲ.

ಗಟ್ಟಿ ಅಂದರೆ ಯಾವುದಕ್ಕೆ ಗಟ್ಟಿ? ಎಂ25 ಅನ್ನೋ ದರ್ಜೆಯ ಕಾಂಕ್ರೀಟ್ 28 ದಿನ ಕಳೆದ ಮೇಲೆ ಚದರ ಮಿಲಿಮೀಟರಿಗೆ 25 ನ್ಯೂಟನ್ ಒತ್ತಡ ತಡೀಬೇಕು. ಅದನ್ನೇ ಎಳೆದು ನೋಡಿ, ಸುಮಾರು ಹತ್ತನೇ ಒಂದು ಪಾಲಿಗೇ ಬಿರುಕು ಬಿಡುತ್ತೆ. ಆ ಎಳೆತ ಹೊರೋದಕ್ಕೇ ಒಳಗೆ ಕಂಬಿ ಇರೋದು. ಉಕ್ಕು ಎರಡಕ್ಕೂ ಸೈ. ಆದರೆ ಸಪೂರ ಕಂಬ ಮಾಡಿ ಎತ್ತರಕ್ಕೆ ನಿಲ್ಲಿಸಿದರೆ, ಅದರ ಬಲ ಮುಗಿಯೋ ಮೊದಲೇ ಪಕ್ಕಕ್ಕೆ ಬಗ್ಗಿಬಿಡುತ್ತೆ. ಮರಕ್ಕೆ ನಾರಿನ ಉದ್ದಕ್ಕೆ ಇರುವ ಬಲ ಅಡ್ಡಕ್ಕೆ ಇಲ್ಲ.

ಬೆಂಕಿ ಬಿದ್ದರೆ ಪಟ್ಟಿಯೇ ತಲೆಕೆಳಗು. 600 ಡಿಗ್ರಿ ಹತ್ತಿರ ಬರುವಷ್ಟರಲ್ಲಿ ಉಕ್ಕಿನ ಅರ್ಧ ಬಲ ಹೋಗಿರುತ್ತೆ. ದಪ್ಪ ಮರದ ತೊಲೆ ನಿಮಿಷಕ್ಕೆ ಸುಮಾರು 0.7 ಮಿಲಿಮೀಟರಿನಂತೆ ಮೇಲುಮೇಲೆ ಇದ್ದಿಲಾಗುತ್ತಾ ಒಳಗಿನ ತಿರುಳನ್ನು ಕಾಯುತ್ತೆ. ನಾರ್ವೆಯಲ್ಲಿ 2019ರಲ್ಲಿ ಮುಗಿದ ಮ್ಯೋಸ್‌ಟೋರ್ನೆ 85.4 ಮೀಟರ್ ಎತ್ತರದ ಮರದ ಕಟ್ಟಡ. ಅದರಲ್ಲೂ ಮೇಲಿನ ಏಳು ಮಹಡಿಗಳಿಗೆ ಕಾಂಕ್ರೀಟ್ ಸ್ಲ್ಯಾಬ್! ಗಾಳಿಗೆ ತೂಗಾಡಬಾರದು ಅಂತ ಬೇಕೆಂದೇ ಹಾಕಿದ ಭಾರ ಅದು. ನಾವು ದೋಷ ಅಂತ ಬರೆಯುವ ಕಾಂಕ್ರೀಟಿನ ತೂಕವೇ ಅಲ್ಲಿ ಬೇಕಾಗಿದ್ದು. ಇದಕ್ಕೆ ಆ ಪಟ್ಟಿಯಲ್ಲಿ ಎಷ್ಟು ಅಂಕ ಕೊಡ್ತೀರಿ?

ಈ ತಪ್ಪನ್ನು ನಾನೂ ಮಾಡಿದ್ದೀನಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಹೆಚ್ಚಿನ ಗ್ರೇಡಿನ ಉಕ್ಕು ತರಿಸಿ ಬೀಮುಗಳನ್ನು ತೆಳ್ಳಗೆ ಮಾಡಿದೆ. ಭಾರ ಹೊರುವ ಲೆಕ್ಕದಲ್ಲಿ ಒಂದು ತಪ್ಪೂ ಇರಲಿಲ್ಲ. ಜನ ಓಡಾಡಿದರೆ ಮಾತ್ರ ನೆಲ ನಡುಗುತ್ತಿತ್ತು. ಗ್ರೇಡ್ ಏರಿದರೆ ಬಲ ಏರುತ್ತೆ, ಬಾಗುವಿಕೆ ತಡೆಯುವ ಗುಣ ಏರಲ್ಲ. ಯಾವ ಗ್ರೇಡಾದರೂ ಆ ಗುಣದ ಅಳತೆ ಸುಮಾರು 200 ಗಿಗಾಪ್ಯಾಸ್ಕಲ್ಲೇ. ಇದನ್ನು ಓದಿ ಪಾಸಾಗಿದ್ದೆ, ಆದರೂ ತಲೆಯಲ್ಲಿ ಕೂತಿದ್ದದ್ದು ‘ಗಟ್ಟಿ’ ಅನ್ನೋ ಒಂದೇ ಪದ. ಆಮೇಲೆ ನಡುವೆ ಕಂಬ ಕೊಡಬೇಕಾಯಿತು. ಆ ನಡುಕ ಇವತ್ತಿಗೂ ನನ್ನ ಪಾದಕ್ಕೆ ನೆನಪಿದೆ.

‘ಕಟ್ಟಿಸುವವರಿಗೆ ಇಷ್ಟೆಲ್ಲ ಯಾಕೆ, ಒಂದು ಅಂಕ ಕೊಟ್ಟರೆ ಸಾಕು’ ಅಂತಾರೆ. ನಾನು ಒಪ್ಪಲ್ಲ. ಅದರೊಳಗೆ ಬದುಕೋರು ಅವರು. ಅಂಕ ಕೊಟ್ಟ ಕೂಡಲೇ ಅವರು ಪ್ರಶ್ನೆ ಕೇಳೋದನ್ನೇ ಬಿಡ್ತಾರೆ.

ನಾಳೆ ಆ ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ‘ಗಟ್ಟಿ’ ಅನ್ನೋ ಕಾಲಮ್ಮನ್ನೇ ತೆಗೆಸ್ತೀನಿ. ಒತ್ತಡ, ಎಳೆತ, ಬಾಗು, ಬೆಂಕಿ, ನೀರು ಅಂತ ಬೇರೆ ಬೇರೆ ಬರೆಸ್ತೀನಿ. ಮೊದಲು ನನ್ನ ಆ ಹಳೇ ಬೀಮಿನ ಲೆಕ್ಕವನ್ನೇ ಅವನ ಕೈಲಿ ಮಾಡಿಸ್ತೀನಿ.