ನಮ್ಮ ಪ್ರಬಂಧಗಳನ್ನು ಎಣಿಸಬೇಡಿ, ಓದಿ
ಸಂಶೋಧನೆಯನ್ನೇ ವೃತ್ತಿಯಾಗಿ ಆರಿಸಿಕೊಂಡವರನ್ನು ಆಯ್ಕೆ ಸಮಿತಿಗಳು ಅಳೆಯುವ ರೀತಿಯನ್ನು ನೋಡಿಯೂ ಸುಮ್ಮನಿರುವುದು ಇನ್ನು ನನ್ನಿಂದಾಗದು. ಪಿಎಚ್.ಡಿ. ಮುಗಿಸಿ, ಒಂದರ ಹಿಂದೊಂದು ಗುತ್ತಿಗೆಯ ಪೋಸ್ಟ್‌ಡಾಕ್ ಹುದ್ದೆಗಳಲ್ಲಿ ದುಡಿದು, ಕೊನೆಗೊಮ್ಮೆ ಖಾಯಂ ಹುದ್ದೆಯ ಸಂದರ್ಶನಕ್ಕೆ ಕರೆ ಬಂತೆಂದು ಹೋದರೆ, ಅಲ್ಲಿ ಕುಳಿತವರ ಮುಂದೆ ನನ್ನ ಒಂದು ಪ್ರಬಂಧವೂ ಇರುವುದಿಲ್ಲ. ಎಷ್ಟು ಪ್ರಬಂಧ, ಯಾವ ಜರ್ನಲ್ (ಸಂಶೋಧನಾ ಪತ್ರಿಕೆ), ಅದರ ಇಂಪ್ಯಾಕ್ಟ್ ಫ್ಯಾಕ್ಟರ್ ಎಷ್ಟು, ಎಚ್-ಇಂಡೆಕ್ಸ್ ಎಷ್ಟು, ತಂದ ಅನುದಾನವೆಷ್ಟು ಎಂಬ ಅಂಕಿಗಳ ಹಾಳೆಯೊಂದಿರುತ್ತದೆ, ಅಷ್ಟೆ. ಕಳೆದ ಸಂದರ್ಶನದಲ್ಲಿ ಸಮಿತಿಯ ಹಿರಿಯರೊಬ್ಬರು ಆ ಹಾಳೆಯ ಮೇಲೆ ಪೆನ್ನಿನ ತುದಿಯನ್ನು ಸಾಲಿನಿಂದ ಸಾಲಿಗೆ ಇಳಿಸುತ್ತ ಬಂದು, ಒಂದು ಕಡೆ ನಿಲ್ಲಿಸಿ, “ಈ ಅವಧಿಯಲ್ಲಿ ಏನೂ ಮಾಡಿಲ್ಲವಲ್ಲ?” ಎಂದು ಕೇಳಿದರು.

ಆ ಅವಧಿಯಲ್ಲಿ ನಾನು, ನಮ್ಮ ಕ್ಷೇತ್ರದಲ್ಲಿ ಎಲ್ಲರೂ ಉಲ್ಲೇಖಿಸುವ ಒಂದು ಹಳೆಯ ಪ್ರಯೋಗವನ್ನು ಮತ್ತೆ ಮಾಡಿ ನೋಡುತ್ತಿದ್ದೆ. ಉಪಕರಣ ಬದಲಿಸಿ ನೋಡಿದೆವು, ಮಾದರಿ ಬದಲಿಸಿ ನೋಡಿದೆವು. ಮೂಲ ಪ್ರಬಂಧದಲ್ಲಿ ಹೇಳಿದ ಫಲಿತಾಂಶ ಬರಲೇ ಇಲ್ಲ. ಅದನ್ನು ಬರೆದು ಕಳುಹಿಸಿದಾಗ ಜರ್ನಲ್‌ನಿಂದ ಬಂದ ಉತ್ತರ ‘ಹೊಸತೇನೂ ಇಲ್ಲ’ ಎಂಬುದು. ಒಂದು ಫಲಿತಾಂಶ ನಿಲ್ಲುವುದಿಲ್ಲ ಎಂದು ತಿಳಿಯುವುದು ವಿಜ್ಞಾನದ ಕೆಲಸವಲ್ಲದೆ ಮತ್ತೇನು? ಅದನ್ನು ವಿವರಿಸಲು ನಾನು ಬಾಯಿ ತೆರೆಯುವಷ್ಟರಲ್ಲಿ ಪೆನ್ನು ಮುಂದಿನ ಸಾಲಿಗೆ ಹೋಗಿತ್ತು.

ಇವರು ನೆಚ್ಚಿಕೊಂಡಿರುವ ಅಂಕಿಗಳಾದರೂ ಎಂಥವು? ಒಂದು ಜರ್ನಲ್ ಹಿಂದಿನ ಎರಡು ವರ್ಷಗಳಲ್ಲಿ ಪ್ರಕಟಿಸಿದ ಲೇಖನಗಳಿಗೆ ಬೇರೆ ಲೇಖನಗಳಲ್ಲಿ ಈ ವರ್ಷ ಬಂದ ಉಲ್ಲೇಖಗಳನ್ನು ಆ ಲೇಖನಗಳ ಸಂಖ್ಯೆಯಿಂದ ಭಾಗಿಸಿದಾಗ ಸಿಗುವ ಸರಾಸರಿಯೇ ಇಂಪ್ಯಾಕ್ಟ್ ಫ್ಯಾಕ್ಟರ್. ಯಾರೋ ಬರೆದ ಕೆಲವೇ ಲೇಖನಗಳಿಗೆ ರಾಶಿ ರಾಶಿ ಉಲ್ಲೇಖ ಬಂದರೂ ಆ ಸರಾಸರಿ ಏರುತ್ತದೆ. ಅದೇ ಜರ್ನಲ್‌ನಲ್ಲಿರುವ ನನ್ನ ಲೇಖನದ ಗುಣದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. 2005ರಲ್ಲಿ ಭೌತವಿಜ್ಞಾನಿ ಹೋರ್ಹೆ ಹಿರ್ಷ್ ಸೂಚಿಸಿದ ಎಚ್-ಇಂಡೆಕ್ಸ್ ಎಂದರೆ, ಒಬ್ಬರ ಹತ್ತು ಪ್ರಬಂಧಗಳಿಗೆ ತಲಾ ಕನಿಷ್ಠ ಹತ್ತು ಉಲ್ಲೇಖ ಬಂದಿದ್ದರೆ ಹತ್ತು ಎಂಬಂಥ ಲೆಕ್ಕ. ಅದು ಕಾಲ ಕಳೆದಂತೆ ಏರಬಹುದೇ ಹೊರತು, ಸಂಶೋಧಕರು ಕೆಲಸ ನಿಲ್ಲಿಸಿದರೂ ಇಳಿಯುವುದಿಲ್ಲ. ಹೀಗಿರುವಾಗ ಈಗಷ್ಟೇ ವೃತ್ತಿಗೆ ಕಾಲಿಟ್ಟವರನ್ನು ಅದರಿಂದ ಅಳೆಯುವುದು ಅನ್ಯಾಯ. ನೇಮಕಾತಿ, ಬಡ್ತಿ, ಅನುದಾನಗಳ ತೀರ್ಮಾನದಲ್ಲಿ ಜರ್ನಲ್‌ನ ಅಂಕಿಯನ್ನು ಲೇಖನದ ಗುಣಕ್ಕೆ ಬದಲಿಯಾಗಿ ಬಳಸಬಾರದು ಎಂದು ಹೇಳುವ ಸ್ಯಾನ್ ಫ್ರಾನ್ಸಿಸ್ಕೊ ಘೋಷಣೆ 2012ರಲ್ಲೇ ರೂಪುಗೊಂಡಿದೆ. ಅದಕ್ಕೆ ಸಹಿ ಹಾಕಿದ ಸಂಸ್ಥೆಯೊಂದರ ಅರ್ಜಿ ನಮೂನೆಯಲ್ಲೇ ಪ್ರತಿ ಪ್ರಬಂಧದ ಎದುರು ಇಂಪ್ಯಾಕ್ಟ್ ಫ್ಯಾಕ್ಟರ್ ತುಂಬಲು ಅಂಕಣವಿತ್ತು, ಮತ್ತು ಅದನ್ನು ಖಾಲಿ ಬಿಟ್ಟರೆ ಅರ್ಜಿ ಮುಂದಕ್ಕೆ ಹೋಗುತ್ತಿರಲಿಲ್ಲ.

ಇನ್ನು ಪ್ರಬಂಧಗಳ ಸಂಖ್ಯೆಯನ್ನು ಹೆಚ್ಚಿಸಿಕೊಳ್ಳುವ ಪಾಡು. ಒಂದು ಪ್ರಬಂಧವನ್ನು ಒಮ್ಮೆಗೆ ಒಂದೇ ಜರ್ನಲ್‌ಗೆ ಕಳುಹಿಸಬೇಕು. ಅಲ್ಲಿಂದ ಉತ್ತರ ಬರುವವರೆಗೆ ಬೇರೆಡೆಗೆ ಕಳುಹಿಸುವಂತಿಲ್ಲ. ತಿಂಗಳುಗಟ್ಟಲೆ ಅವರ ಜಾಲತಾಣದಲ್ಲಿ ‘ಪರಿಶೀಲನೆಯಲ್ಲಿದೆ’ ಎಂಬ ಒಂದೇ ಸಾಲು ಕಾಣುತ್ತಿರುತ್ತದೆ, ಇತ್ತ ಗುತ್ತಿಗೆಯ ಅವಧಿ ಕರಗುತ್ತಿರುತ್ತದೆ. ಕೊನೆಗೆ, ಜರ್ನಲ್ ಪರಿಶೀಲನೆಗೆ ಒಪ್ಪಿಸಿದ ತಜ್ಞರಲ್ಲಿ ಮೊದಲ ವಿಮರ್ಶಕರು ಪುಟಗಟ್ಟಲೆ ಶ್ರದ್ಧೆಯಿಂದ ಬರೆದು ತಿದ್ದುಪಡಿ ಸೂಚಿಸಿದರೆ, ಎರಡನೆಯವರು ಮೂರೇ ಸಾಲು ಗೀಚಿ ಬೇಡವೆನ್ನುತ್ತಾರೆ, ಸಂಪಾದಕರು ಆ ಮೂರು ಸಾಲಿನ ಮಾತನ್ನೇ ಎತ್ತಿಹಿಡಿಯುತ್ತಾರೆ. ಮತ್ತೊಂದು ಜರ್ನಲ್‌ಗಾಗಿ ಗ್ರಂಥಸೂಚಿಯ ಅಲ್ಪವಿರಾಮ, ಪೂರ್ಣವಿರಾಮಗಳನ್ನೆಲ್ಲ ಹೊಸದಾಗಿ ಹೊಂದಿಸುತ್ತ ರಾತ್ರಿಗಳನ್ನು ಕಳೆಯಬೇಕು. ಬರೆಯುವ ನಮಗಾಗಲಿ, ವಿಮರ್ಶಿಸುವವರಿಗಾಗಲಿ ಈ ಜರ್ನಲ್‌ಗಳಿಂದ ಸಾಮಾನ್ಯವಾಗಿ ಬಿಡಿಗಾಸೂ ಸಿಗುವುದಿಲ್ಲ. ಪ್ರಕಾಶಕರು ಮಾತ್ರ ಗ್ರಂಥಾಲಯಗಳಿಂದ ಚಂದಾ ಪಡೆಯುತ್ತಾರೆ, ಇಲ್ಲವೇ ಎಲ್ಲರೂ ಉಚಿತವಾಗಿ ಓದಬಹುದಾದ ಮುಕ್ತ ಪ್ರಕಟಣೆಯ ಹೆಸರಿನಲ್ಲಿ ಲೇಖಕರಿಂದಲೇ ಶುಲ್ಕ ವಸೂಲು ಮಾಡುತ್ತಾರೆ.

1964ರ ಪ್ರಬಂಧಗಳಿಗಾಗಿ 2013ರಲ್ಲಿ ನೊಬೆಲ್ ಪಡೆದ ಭೌತವಿಜ್ಞಾನಿ ಪೀಟರ್ ಹಿಗ್ಸ್, ಇಂದಿನ ವ್ಯವಸ್ಥೆಯಲ್ಲಿ ತಮಗೆ ವಿಶ್ವವಿದ್ಯಾಲಯದ ಕೆಲಸ ಸಿಗುತ್ತಿರಲಿಲ್ಲ, ತಮ್ಮನ್ನು ಸಾಕಷ್ಟು ಉತ್ಪಾದಕರೆಂದು ಯಾರೂ ಪರಿಗಣಿಸುತ್ತಿರಲಿಲ್ಲ ಎಂದು ಆ ವರ್ಷವೇ ಹೇಳಿದ್ದರು. ನಾನು ಹಿಗ್ಸ್ ಅಲ್ಲ, ಹಾಗೆಂದುಕೊಂಡೂ ಇಲ್ಲ. ಆದರೆ ಅಂಥವರೇ ಈ ಮಾತನ್ನಾಡಿದ ಮೇಲೂ ಆಯ್ಕೆ ಸಮಿತಿಗಳು ಅದೇ ಹಾಳೆಯನ್ನು ಹಿಡಿದು ಕೂರುವುದನ್ನು ಕಂಡಾಗ ಮೈಯೆಲ್ಲ ಉರಿಯುತ್ತದೆ.

ನಾನು ಕೇಳುವುದು ದೊಡ್ಡದೇನಲ್ಲ. ಅಭ್ಯರ್ಥಿಯೇ ಆರಿಸಿಕೊಟ್ಟ ಎರಡೋ ಮೂರೋ ಪ್ರಬಂಧಗಳನ್ನು ಸಂದರ್ಶನಕ್ಕೆ ಮೊದಲು ಓದಿಕೊಂಡು ಬನ್ನಿ. ವಿಧಾನದಲ್ಲಿ ತಪ್ಪಿದ್ದರೆ ಝಾಡಿಸಿ ಕೇಳಿ, ಉತ್ತರಿಸುತ್ತೇನೆ. ಅಷ್ಟನ್ನು ಓದಲೂ ಪುರುಸೊತ್ತಿಲ್ಲದವರು ದಯವಿಟ್ಟು ಆಯ್ಕೆ ಸಮಿತಿಯಲ್ಲಿ ಕೂರಲು ಒಪ್ಪಿಕೊಳ್ಳಬೇಡಿ.